ಮೂಲೆಯ ಮೂಗುಬೊಟ್ಟು

ಹಳೆಯ ಟೀವಿ ಲೋಗೋ ನೋಡಿ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗೀಗ ಅದೊಂದು ರೋಗವೇ ಆಗಿದೆ. ಯಾರೋ ಒಬ್ಬ ಫೋನಿನಲ್ಲಿ ನಾಲ್ಕು ಹಳೆಯ ಲೋಗೋ ಅಂಟಿಸಿ, ಇವು ನೆನಪಿದ್ದರೆ ನಿಮ್ಮ ಬಾಲ್ಯ ಸುಂದರವಾಗಿತ್ತು ಎಂದು ಬರೆಯುತ್ತಾನೆ. ಕೂಡಲೇ ಕೆಳಗೆ ಜನ ಸಾಲುಗಟ್ಟಿ ಎದೆ ಬಡಿದುಕೊಳ್ಳಲು ಶುರು. ಆಹಾ ಆ ದಿನಗಳು, ಈಗಿನದರಲ್ಲಿ ಜೀವವೇ ಇಲ್ಲ, ನಮ್ಮ ಕಾಲವೇ ಕಾಲ. ಇವರಲ್ಲಿ ಎಷ್ಟು ಮಂದಿ ಇವತ್ತು ಮನೆಯಲ್ಲಿ ಟೀವಿ ಹಾಕುತ್ತಾರೆ ಎಂದು ಕೇಳಿ ನೋಡಿ. ಬದುಕಿದ್ದಾಗ ಒಂದು ಲೋಟ ನೀರು ಕೊಡದೆ ತಿಥಿಯ ದಿನ ವಡೆ ತಿನ್ನಲು ಮೊದಲ ಪಂಕ್ತಿಯಲ್ಲಿ ಕೂರುವವರು ಇರುತ್ತಾರಲ್ಲ, ಇವರು ಆ ಜಾತಿ.

ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಮುಂಬೈಯ ಪರೇಲಿನ ಒಂದು ಟೀವಿ ಕಂಪೆನಿಯ ಗ್ರಾಫಿಕ್ಸ್ ವಿಭಾಗದಲ್ಲಿ ಮೂವತ್ತು ವರ್ಷದ ಹತ್ತಿರ ಹತ್ತಿರ ಬೆನ್ನು ಬಗ್ಗಿಸಿದವಳು ನಾನು. ಒಂದು ಕಾಲದಲ್ಲಿ ಬಟ್ಟೆಗಿರಣಿಯಾಗಿದ್ದ ಕಂಪೌಂಡಿನಲ್ಲಿ ನಮ್ಮ ಆಫೀಸು. ಹಿಂದಿ, ಮರಾಠಿ, ತೆಲುಗು, ಕನ್ನಡ ಎಂದು ಕಂಪೆನಿಗೆ ಏಳೆಂಟು ಚಾನೆಲ್ಲುಗಳಿವೆ. ಎಲ್ಲದರ ಮೂಲೆಯಲ್ಲಿ ಕೂರುವ ಲೋಗೋ, ಕಾರ್ಯಕ್ರಮ ಮುಗಿದ ಮೇಲೆ ಬರುವ ಹೆಸರುಗಳ ಪಟ್ಟಿ, ಎಲ್ಲ ನಮ್ಮ ವಿಭಾಗದಿಂದಲೇ ಹೋಗಬೇಕು. ಹಾಗಾಗಿ ಲೋಗೋ ಎಂಬ ದೇವರ ಹುಟ್ಟು ನನಗೆ ಚೆನ್ನಾಗಿ ಗೊತ್ತು.

ನಮ್ಮ ಕನ್ನಡ ಚಾನೆಲ್ಲಿನ ಹಳೆಯ ಲೋಗೋವನ್ನೇ ತೆಗೆದುಕೊಳ್ಳಿ. ನಡುವೆ ಒಂದು ಬಿಳಿ ಚುಕ್ಕೆ, ಸುತ್ತ ಆರು ಕೆಂಪು ಚುಕ್ಕೆ, ಅಷ್ಟೇ. ಅದು ಹುಟ್ಟಿದ ದಿನ ನಾನು ಅಲ್ಲೇ ಇದ್ದೆ, ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ನಮ್ಮ ವಿಭಾಗದ ಹಿರಿಯ ಆರ್ಟಿಸ್ಟರು ಸಂಜೆ ಐದಕ್ಕೆ ಲೋಗೋ ತೋರಿಸಬೇಕಿತ್ತು. ಮಧ್ಯಾಹ್ನ ಎರಡಾದರೂ ಕಾಗದ ಖಾಲಿ. ಊಟಕ್ಕೆ ಕ್ಯಾಂಟೀನಿಗೆ ಹೋದವರಿಗೆ ತೊಳೆದು ಗೋಡೆಗೆ ಒರಗಿಸಿಟ್ಟಿದ್ದ ಇಡ್ಲಿ ತಟ್ಟೆ ಕಂಡಿತು, ಏಳು ಗುಳಿಯದ್ದು. ಬಂದು ಅದನ್ನೇ ಬಿಡಿಸಿದರು, ಐದಕ್ಕೆ ಪಾಸಾಯಿತು. ಈಗ ಜನ ಅದರಲ್ಲಿ ಸಪ್ತಸ್ವರ ಕಾಣುತ್ತಾರೆ, ಸಪ್ತರ್ಷಿ ಮಂಡಲ ಕಾಣುತ್ತಾರೆ. ಒಬ್ಬ ಮಹಾಶಯ ವಾರದ ಏಳು ದಿನವೂ ಕನ್ನಡಿಗನ ಜೊತೆ ನಿಂತ ಸಂಕೇತ ಎಂದು ಉದ್ದಕ್ಕೆ ಬರೆದಿದ್ದ. ಇಡ್ಲಿ ತಟ್ಟೆಗೆ ಮಂಗಳಾರತಿ ಎತ್ತುವ ಭಕ್ತರಿಗೆ ನಾನೇನು ಹೇಳಲಿ.

ಆ ಇಡ್ಲಿ ತಟ್ಟೆಯನ್ನು ನನ್ನ ಅಮ್ಮ ಮೂಗುಬೊಟ್ಟು ಎಂದು ಕರೆಯುತ್ತಿದ್ದಳು.

ಅಮ್ಮನಿಗೆ ಈಗ ಎಂಬತ್ತರ ಹತ್ತಿರ. ಮದುವೆಯ ಗೋಜಿಗೆ ಹೋಗದ ನಾನು, ಅವಳು, ಇಬ್ಬರೇ ಮುಲುಂಡಿನ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಾಳಿಗೆಯಲ್ಲಿದ್ದೇವೆ. ಅಪ್ಪ ಘಾಟ್ಕೋಪರಿನ ಉಡುಪಿ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು, ತೀರಿಕೊಂಡು ಕೆಲವು ವರ್ಷಗಳಾದವು. ಬೊಂಬಾಯಿ ಹೋಟೆಲಿನವರು ಹೆಂಡತಿಯನ್ನು ಊರಿನಲ್ಲೇ ಬಿಟ್ಟು ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದ ಕಾಲದಲ್ಲಿ ಅಮ್ಮ ಮದುವೆಯಾದ ತಿಂಗಳಿಗೇ ಹಟ ಹಿಡಿದು ಅಪ್ಪನ ಹಿಂದೆ ಬಂದವಳು. ಚಾಳಿನ ಒಂದು ಖೋಲಿಯಲ್ಲಿ ಸಂಸಾರ ಹೂಡಿದಳು. ಗಂಡನನ್ನು ಒಂದು ದಿನ ಬಿಟ್ಟಿರಲಾರದ ಹೆಣ್ಣು ಎಂದು ಊರಿನ ಅತ್ತೆಯಂದಿರು ಇವತ್ತಿಗೂ ಅವಳನ್ನು ಛೇಡಿಸುತ್ತಾರೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾಳೆ.

ಬೆಳಿಗ್ಗೆ ಮುಂಬೈಯ ಕನ್ನಡ ಪೇಪರು ಬಂದ ಕೂಡಲೇ ಅಮ್ಮ ಅದನ್ನು ಹಿಡಿದು ಬಾಲ್ಕನಿಯಲ್ಲಿ ಕೂರುತ್ತಾಳೆ. ಪುಟ ತಿರುವುತ್ತಾಳೆ, ತೀರಿಕೊಂಡವರ ಫೋಟೋ ಬಂದರೆ ನಿಟ್ಟುಸಿರು ಬಿಡುತ್ತಾಳೆ, ಮಡಚಿ ನನ್ನ ಕೈಗೆ ಕೊಡುತ್ತಾಳೆ. ಅಪ್ಪ ಇದ್ದಾಗ ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ದೊಡ್ಡ ದನಿಯಲ್ಲಿ ಓದುತ್ತಿದ್ದರು. ಅವರು ಹೋದ ಮೇಲೆ ಮನೆಯ ಬೆಳಿಗ್ಗೆ ಬಹಳ ನಿಶ್ಶಬ್ದವಾಯಿತು.

ಮಧ್ಯಾಹ್ನ ಎರಡು ಗಂಟೆ ಮಾತ್ರ ಅಮ್ಮನದು. ನಾನು ಆಫೀಸಿನಲ್ಲಿರುತ್ತೇನೆ, ಮನೆಗೆಲಸದ ಬಾಯಿ ಪಾತ್ರೆ ತೊಳೆದು ಹೋಗಿರುತ್ತಾಳೆ. ಬಾಗಿಲು ಹಾಕಿ, ರಿಮೋಟು ಹಿಡಿದು, ತನ್ನ ಧಾರಾವಾಹಿಯನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತಾಳೆ. ಬ್ಯಾಂಕಿಗೆ ನಾನು ಬೇಕು, ಡಾಕ್ಟರಲ್ಲಿಗೆ ನಾನು ಬೇಕು, ಲಿಫ್ಟ್ ಕೆಟ್ಟರೆ ಮೆಟ್ಟಿಲು ಇಳಿಯಲು ಯಾರಾದರೂ ಕೈ ಹಿಡಿಯಬೇಕು. ಯಾರ ಹಂಗೂ ಇಲ್ಲದೆ ಅವಳು ಮಾಡುವ ಕೆಲಸವೆಂದು ಉಳಿದದ್ದು ಅದೊಂದೇ ಆಗಿತ್ತು. ಒಮ್ಮೆ ರಜೆಯ ದಿನ ನಾನು ಸಹಾಯಕ್ಕೆ ಹೋದರೆ ರಿಮೋಟನ್ನು ಬೆನ್ನ ಹಿಂದೆ ಅಡಗಿಸಿ, "ನೀನು ನಿನ್ನ ಆಫೀಸಿನಲ್ಲಿ ಯಜಮಾನಿಕೆ ಮಾಡು, ಇಲ್ಲಿ ಬೇಡ" ಅಂದಿದ್ದಳು.

ಈಗಿನ ಕೇಬಲ್ ಡಬ್ಬಿಯಲ್ಲಿ ಚಾನೆಲ್ ಹುಡುಕುವುದು ಸುಲಭವಲ್ಲ. ನಾಲ್ಕು ಅಂಕಿಯನ್ನು ಒಂದೇ ಉಸಿರಿಗೆ ಒತ್ತದಿದ್ದರೆ ಅದು ಇನ್ನೆಲ್ಲಿಗೋ ಹಾರುತ್ತದೆ. ಅಮ್ಮನ ಬೆರಳಿಗೆ ಆ ಚುರುಕಿಲ್ಲ. ಅವಳು ಬಾಣದ ಗುರುತಿನ ಬಟನ್ ಒತ್ತುತ್ತಾ, ಒಂದೊಂದೇ ಚಾನೆಲ್ಲಿನ ಮೂಲೆ ನೋಡುತ್ತಾ ಮುಂದೆ ಹೋಗುತ್ತಿದ್ದಳು. ಒಂದೊಂದಕ್ಕೂ ಅವಳದ್ದೇ ಹೆಸರು: ನೀಲಿ ಬಳೆ, ತೆಂಗಿನ ಹೋಳು, ಬೋಳು ಚಂದ್ರ. "ತೆಂಗಿನ ಹೋಳು ದಾಟಿ ಮೂರು ಸಲ ಒತ್ತಿದರೆ ಮೂಗುಬೊಟ್ಟು" ಎಂದು ದಾರಿ ಹೇಳುವವರ ಹಾಗೆ ಹೇಳುತ್ತಿದ್ದಳು. ಮುದುಕಿಯ ತಮಾಷೆ ಎಂದು ನಾನು ನಗುತ್ತಿದ್ದೆ.

ಇನ್ನೊಂದು ವಿಷಯ ಹೇಳಬೇಕು. ಕನ್ನಡ ಚಾನೆಲ್ಲಿನ ಶುಕ್ರವಾರದ ಒಂದು ಕಾರ್ಯಕ್ರಮಕ್ಕೆ ಶುರುವಿನಿಂದ ಗ್ರಾಫಿಕ್ಸ್ ಮಾಡಿದವಳು ನಾನು. ಮೊದಲ ವಾರ ನನ್ನ ಹೆಸರು ಪಟ್ಟಿಯಲ್ಲಿ ಬರುವಾಗ ಅಪ್ಪ ಅಮ್ಮ ಇಬ್ಬರನ್ನೂ ಟೀವಿ ಮುಂದೆ ಕೂರಿಸಿ, "ಎಲ್ಲಕ್ಕಿಂತ ಕಡೆಯದ್ದು ನೋಡಿ, ಅದು ನಂದು" ಅಂದಿದ್ದೆ. ಅಲ್ಲಿಂದ ಪ್ರತಿ ಶುಕ್ರವಾರ ನಾನು ಚಪ್ಪಲಿ ಬಿಡುವ ಮೊದಲೇ ಅಮ್ಮ "ನಿನ್ನ ಹೆಸರು ಬಂತು, ನೋಡಿದೆ" ಅನ್ನುತ್ತಿದ್ದಳು. ಕೆಲವು ವರ್ಷ ಕಳೆದ ಮೇಲೆ ಪಟ್ಟಿಯ ಕೆಳಗೆ ಕಂಪೆನಿಯ ಕಾಪಿರೈಟ್ ಹಕ್ಕಿನ ಸಾಲೊಂದು ಸೇರಿತು. ಆಮೇಲೆ ಜಾಹೀರಾತಿಗೆ ಜಾಗ ಸಾಲದೆ ಕೆಲಸ ಮಾಡಿದವರ ಹೆಸರುಗಳನ್ನೆಲ್ಲ ಕಿತ್ತು ಹಾಕಿದರು. ಕಂಪೆನಿಯ ಆ ಒಂದು ಸಾಲು ಮಾತ್ರ ಉಳಿಯಿತು, ಅದು ಹೇಗೆ ಹೋದೀತು. ಅಮ್ಮ ಮಾತ್ರ ಶುಕ್ರವಾರ ಶುಕ್ರವಾರ ಅದನ್ನೇ ಹೇಳುತ್ತಿದ್ದಳು: "ನಿನ್ನ ಹೆಸರು ಬಂತು, ನೋಡಿದೆ." ಮೊದಲು ನನಗೆ ನಗು ಬಂತು, ಆಮೇಲೆ ಸಿಟ್ಟು. ನೋಡದೇ ನೋಡಿದೆ ಎಂದು ಸ್ವಂತ ಮಗಳಿಗೇ ಬೆಣ್ಣೆ ಹಚ್ಚುವುದು ಯಾಕೆ ಎಂದುಕೊಂಡು ಸುಮ್ಮನಾಗಿದ್ದೆ.

ಇಷ್ಟೆಲ್ಲ ಇದ್ದ ಹಾಗೇ ನಡೆಯುತ್ತಿರಲು ನಮ್ಮ ಆಫೀಸಿನ ಮೇಲಿನವರಿಗೆ ಎಲ್ಲ ಲೋಗೋಗಳನ್ನೂ ಬದಲಿಸುವ ಹುಕಿ ಬಂತು. ನೋಡುವವರು ಕಮ್ಮಿಯಾದರು ಎಂದಾದರೆ ಕಾರ್ಯಕ್ರಮ ಸರಿಮಾಡಬೇಕು. ಅದಕ್ಕೆ ಮಂಡೆ ಬೇಕು. ಲೋಗೋ ಬದಲಿಸಲು ಏಜೆನ್ಸಿ ಸಾಕು.

ಏಜೆನ್ಸಿಯಿಂದ ಬಂದವನು ಮೂವತ್ತು ತುಂಬದ ಗಡ್ಡದವ. ಪಾದದ ಗಂಟಿಗಿಂತ ಮೇಲೆ ನಿಂತ ಪ್ಯಾಂಟು, ಸಾಕ್ಸ್ ಇಲ್ಲದ ಶೂ, ಕೈಯಲ್ಲಿ ಸದಾ ಒಂದು ತಣ್ಣನೆಯ ಕಾಫಿ. ಮೊದಲ ಮೀಟಿಂಗಿನಲ್ಲಿ ಒಂದು ಗಂಟೆ ನದಿ, ಗಾಳಿ, ನಂಬಿಕೆ ಎಂದು ಏನೇನೋ ಚಿತ್ರ ತೋರಿಸಿದ. ಕಡೆಗೆ ಹೊರಬಂದದ್ದು ಒಂದು ಚೌಕ. ಚೌಕದೊಳಗೆ ಸಪಾಟು ಇಂಗ್ಲಿಷ್ ಅಕ್ಷರ. ಎಲ್ಲ ಚಾನೆಲ್ಲಿಗೂ ಅದೇ ಚೌಕ, ಒಳಗಿನ ಹೆಸರು ಮಾತ್ರ ಬೇರೆ. ಸಾಬೂನಿನ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ ಇತ್ತು. "ಮೇಡಮ್, ಇದು ತುಂಬಾ ಪ್ರಾಮಾಣಿಕ ಡಿಸೈನ್" ಅಂದ ಹಿಂದಿಯಲ್ಲಿ. ಚೌಕ ಯಾವತ್ತು ಸುಳ್ಳು ಹೇಳಿತ್ತು ಎಂದು ನನಗೆ ಅರ್ಥವಾಗಲಿಲ್ಲ.

ಆದರೆ ಕನ್ನಡ ಚಾನೆಲ್ಲಿನ ಹೆಸರು ಇಂಗ್ಲಿಷಿನಲ್ಲಿ ಎಂದಾಗ ನನಗೆ ರೇಗಿತು. ಎರಡು ತಿಂಗಳು ಜಗಳ ಮಾಡಿದೆ. ಕನ್ನಡ ಅಕ್ಷರ ಗುಂಡಗಿದೆ, ಚೌಕದಲ್ಲಿ ಕೂರುವುದಿಲ್ಲ ಎಂದ. ಕೂರಿಸಿ ತೋರಿಸಿದೆ. ಹೊಸ ತಲೆಮಾರಿಗೆ ಇಂಗ್ಲಿಷೇ ಬೇಕು ಎಂದ. ಆಗ ನಾನು ಅಮ್ಮನ ಮಾತನ್ನು ಮೀಟಿಂಗಿಗೆ ಎಳೆದು ತಂದೆ. ನಮ್ಮ ಮನೆಯಲ್ಲೊಬ್ಬಳು ಮುದುಕಿ ಇದ್ದಾಳೆ, ಈ ಲೋಗೋವನ್ನು ಮೂಗುಬೊಟ್ಟು ಎನ್ನುತ್ತಾಳೆ, ದಿನಾ ಕನ್ನಡ ಪೇಪರು ಕಡೆಯ ಪುಟದವರೆಗೆ ಓದುತ್ತಾಳೆ, ಅಂಥವರಿಗೆ ಬೇಕಾದದ್ದು ಕನ್ನಡ ಅಕ್ಷರ ಎಂದೆ. ಮೂಗುಬೊಟ್ಟಿನ ಕಥೆಗೆ ಎಲ್ಲರೂ ನಕ್ಕರು. ಗಡ್ಡದವನ ಕಣ್ಣು ಹೊಳೆಯಿತು. "ಅರೇ ಮೇಡಮ್, ಯೇ ತೋ ಪ್ಯೂರ್ ನಾಸ್ಟಾಲ್ಜಿಯಾ ಹೈ. ಇದನ್ನು ಮಗ್ ಮೇಲೆ ಹಾಕೋಣ" ಅಂದ.

ಕಡೆಗೆ ಒಂದು ಒಪ್ಪಂದವಾಯಿತು. ಹೆಸರು ಕನ್ನಡದಲ್ಲಿರಲಿ, ಬೇರೆ ಭಾಷೆಯವೂ ಅವುಗಳದ್ದೇ ಲಿಪಿಯಲ್ಲಿರಲಿ, ಆದರೆ ಜಾಗ ಸಾಲದು, ಏಳು ಚುಕ್ಕೆ ಹೋಗಬೇಕು ಎಂದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ತೆಗೆಯಿರಿ. ಚಿತ್ರ ನೋಡಿ ಚಾನೆಲ್ ಗುರುತಿಸಲು ನಮ್ಮವರೇನು ಓದು ಬಾರದವರೇ?" ಎಂದೆ. ಮತ್ತೆ ಎಲ್ಲರೂ ನಕ್ಕರು. ಆ ದಿನ ಮುಲುಂಡಿನ ಲೋಕಲ್‌ನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ, ದೊಡ್ಡ ಕೋಟೆ ಗೆದ್ದವಳ ಹಾಗಿದ್ದೆ.

ಹಳೆಯ ಲೋಗೋ ಹೋಗುವ ಮೊದಲು ವಿದಾಯದ ವಾರ ಎಂದು ಒಂದು ನಾಟಕ ನಡೆಯಿತು. ಪಿಟೀಲಿನ ಹಿನ್ನೆಲೆಯಲ್ಲಿ ಏಳು ಚುಕ್ಕೆ ನಿಧಾನಕ್ಕೆ ಒಂದೊಂದಾಗಿ ಆರಿಹೋಗುವುದು. ಅದನ್ನು ಮಾಡಿದವಳೂ ನಾನೇ, ಸಂಬಳಕ್ಕೆ ಇದ್ದೇನಲ್ಲ. ಫೋನಿನಲ್ಲಿ ಅಳುಬುರುಕರ ಜಾತ್ರೆ ನೆರೆಯಿತು. ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ನೋಡಿದ ಲೋಗೋ ಎಂದು ಬರೆದವನ ವಯಸ್ಸು ಲೆಕ್ಕ ಹಾಕಿದರೆ ಆ ಲೋಗೋ ಹುಟ್ಟುವಾಗ ಅವನಿಗೆ ಮೀಸೆ ಬಂದಿರಬೇಕು.

ಹೊಸ ಲೋಗೋ ಬಂದ ದಿನ ಅಮ್ಮನನ್ನು ನಾನೇ ಕರೆದು ತೋರಿಸಿದೆ.

"ಮೂಗುಬೊಟ್ಟು ಎಲ್ಲಿ ಹೋಯ್ತು?" ಎಂದು ಕೇಳಿದಳು.

"ತೆಗೆದಾಯ್ತಮ್ಮ. ಈಗ ಕನ್ನಡದಲ್ಲೇ ದೊಡ್ಡದಾಗಿ ಬರೆದಿದೆ ನೋಡು. ನಿನಗೋಸ್ಕರ ಎರಡು ತಿಂಗಳು ಜಗಳ ಮಾಡಿದ್ದೇನೆ ಗೊತ್ತುಂಟಾ?"

ಅಮ್ಮ ಟೀವಿಯ ಮೂಲೆಯನ್ನು ಬಹಳ ಹೊತ್ತು ನೋಡಿದಳು. "ಲಾಯ್ಕುಂಟು" ಅಂದಳು.

ಮರುದಿನದಿಂದಲೇ ಎಡವಟ್ಟು ಶುರುವಾಯಿತು. ನಮ್ಮ ಡಬ್ಬಿ ಆಫ್ ಮಾಡುವಾಗ ಇದ್ದ ಚಾನೆಲ್ಲಿಗೇ ಮತ್ತೆ ತೆರೆದುಕೊಳ್ಳುತ್ತದೆ. ಸಂಜೆ ನಾನು ಬಂದು ಟೀವಿ ಹಾಕಿದರೆ ತೆಲುಗು ಚಾನೆಲ್ಲು. ಮಾರನೇ ದಿನವೂ ತೆಲುಗು. ಅದೂ ನಮ್ಮ ಕಂಪೆನಿಯದ್ದೇ, ಅದೇ ಚೌಕ, ಒಳಗೆ ಅಂಥದ್ದೇ ಗುಂಡಗಿನ ಅಕ್ಷರ. ಅಮ್ಮನಿಗೆ ದಾರಿ ತೋರುತ್ತಿದ್ದ ತೆಂಗಿನ ಹೋಳೂ ನಮ್ಮ ಕಂಪೆನಿಯದ್ದೇ, ಅದೂ ಈಗ ಚೌಕವಾಗಿತ್ತು.

"ಏನಮ್ಮ ಇದು, ತೆಲುಗು ನೋಡ್ತಾ ಇದ್ದೀಯಾ?"

"ಕಥೆ ಲಾಯ್ಕುಂಟು ಮಾರಾಯ್ತಿ. ಅಳುವುದು ಎಲ್ಲ ಭಾಷೆಯಲ್ಲೂ ಒಂದೇ ಅಲ್ವಾ."

"ನಿನ್ನ ಧಾರಾವಾಹಿ ಏನಾಯ್ತು?"

"ಮೂಲೆಯಲ್ಲಿ ಇರುವುದು ಸರಿ ಕಾಣುದಿಲ್ಲ ನಂಗೆ. ಕನ್ನಡಕ ಸರಿಯಿಲ್ಲ."

ಈ ಕನ್ನಡಕದ ಕಥೆ ಹೊಸದಲ್ಲ. ಔಷಧಿಯ ಚೀಟಿ, ಮದುವೆಯ ಕಾಗದ, ಸೊಸೈಟಿಯ ನೋಟೀಸು, ಯಾವುದು ಕೊಟ್ಟರೂ ಅವಳ ಕನ್ನಡಕ ಸರಿ ಇರುವುದಿಲ್ಲ, ನಾನೇ ಓದಬೇಕು. ಮೂರು ಸಲ ಹೊಸದು ಮಾಡಿಸಿದ್ದೆ. ಕೊನೆಯ ಸಲ ಮುಲುಂಡ್ ಸ್ಟೇಷನ್ ರಸ್ತೆಯ ಅಂಗಡಿಯವನು ಅಕ್ಷರದ ಬೋರ್ಡು ತೋರಿಸಿದರೆ ಎಲ್ಲ ಮಂಜು ಅಂದಳು. ಬಾಯಿ ಬಿಟ್ಟ ಬಳೆಗಳಿದ್ದ ಇನ್ನೊಂದು ಬೋರ್ಡು ಹಾಕಿ ಯಾವ ಕಡೆ ತೆರೆದಿದೆ ಎಂದು ಕೇಳಿದರೆ ಅತಿ ಸಣ್ಣದರವರೆಗೂ ಸರಿಯಾಗಿ ಕೈ ತೋರಿಸಿದಳು. "ಮಾಜೀ ಕೀ ನಜರ್ ಆಪ್‌ಸೇ ಅಚ್ಛೀ ಹೈ" ಎಂದು, ನನಗಿಂತ ಅಮ್ಮನ ದೃಷ್ಟಿಯೇ ಚುರುಕೆಂದು, ಅವನು ನನ್ನನ್ನು ನೋಡಿ ನಕ್ಕಿದ್ದ. ನಾನೂ ನಕ್ಕು ಫ್ರೇಮು ಆರಿಸುವುದರಲ್ಲಿ ಮಗ್ನಳಾಗಿದ್ದೆ. ಗ್ರಾಫಿಕ್ಸ್ ವಿಭಾಗದ ಹಿರಿಯಳು, ಅಕ್ಷರಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸ ಹೇಳಿಕೊಡುವವಳು.

"ಕಣ್ಣೆದುರಿಗೇ ಕನ್ನಡದಲ್ಲಿದೆ ಅಮ್ಮ, ಓದಿ ನಿಲ್ಲಿಸು. ಅಷ್ಟು ಸುಲಭ ಮಾಡಿಕೊಟ್ಟರೂ ನಿನಗೆ ಹಟ" ಎಂದು ರೇಗಿದೆ.

ಅಮ್ಮ ರಿಮೋಟನ್ನು ಟೀವಿಯ ಪಕ್ಕ ಇಟ್ಟು ಒಳಗೆ ಹೋದಳು. ಆ ವಾರದಿಂದ ಟೀವಿ ಹಾಕುವುದನ್ನೇ ಬಿಟ್ಟಳು. ಕೇಳಿದರೆ "ಈಗ ಅದರಲ್ಲಿ ಎಂತದೂ ಇಲ್ಲ" ಅನ್ನುತ್ತಿದ್ದಳು. ಮಧ್ಯಾಹ್ನ ತಾನು ಹೊರಡುವಾಗಲೂ ಬೆಳಗಿನ ಪೇಪರನ್ನೇ ಹಿಡಿದು ಕೂತಿರುತ್ತಾಳೆ ಎಂದು ಕೆಲಸದ ಬಾಯಿ ಹೇಳಿದಳು. ಶುಕ್ರವಾರ ನಾನು ಬಂದಾಗ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಚಹಾ ಕುಡಿದು ಮುಗಿಸಿದರೂ ಅವಳು ನನ್ನ ಹೆಸರಿನ ಮಾತು ಎತ್ತಲಿಲ್ಲ. ಓಹೋ, ಇವಳೂ ಆ ಅಳುಬುರುಕರ ಸಾಲಿಗೆ ಸೇರಿದಳು ಎಂದುಕೊಂಡೆ. ಹಳೆಯ ಲೋಗೋ ಇಲ್ಲವೆಂದು ಈ ವಯಸ್ಸಿನಲ್ಲಿ ಮುನಿಸು. ಸ್ವಂತ ತಾಯಿಯ ಬಗ್ಗೆ ನನಗೆ ತಾತ್ಸಾರ ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಅದೇ.

ಲೋಗೋ ಬದಲಾಗಿ ಎರಡು ವಾರಕ್ಕೆ ಗಡ್ಡದವನ ಮಗ್ಗುಗಳು ಬಂದವು. ಬಿಳಿ ಮಗ್ಗಿನ ಮೇಲೆ ಏಳು ಚುಕ್ಕೆ, ಕೆಳಗೆ ಇಂಗ್ಲಿಷಿನಲ್ಲಿ ಯಾವುದೋ ಎರಡು ನೆನಪಿನ ಮಾತು. ಚಾನೆಲ್ಲಿನಿಂದ ಕಿತ್ತು ಹಾಕಿದ್ದನ್ನು ಚಹಾ ಕುಡಿಯಲು ಹಂಚಿದರು. ನಾನು ತಂದು ಅಡಿಗೆಮನೆಯಲ್ಲಿ ಕುಕ್ಕಿದೆ.

ಅದಾಗಿ ಒಂದೆರಡು ದಿನಕ್ಕೆ ಆಫೀಸಿನಲ್ಲಿ ಹೊಸ ಲೋಗೋದ ಯಶಸ್ಸಿಗೆ ಪಾರ್ಟಿ ಇಟ್ಟರು. ಯಶಸ್ಸು ಯಾವುದೆಂದು ಯಾರೂ ಹೇಳಲಿಲ್ಲ, ಕೇಕು ಮಾತ್ರ ಚೌಕವಾಗಿತ್ತು. ಗಡ್ಡದವನು ಮೈಕು ಹಿಡಿದಾಗ ನಾನು ತಲೆನೋವೆಂದು ಹೇಳಿ ಹೊರಟುಬಿಟ್ಟೆ. ಮನೆ ಮುಟ್ಟುವಾಗ ಮಧ್ಯಾಹ್ನ ಎರಡೂ ಕಾಲು. ಅಮ್ಮ ಮಲಗಿರಬಹುದು ಎಂದು ಬೆಲ್ ಮಾಡದೆ ನನ್ನ ಕೀಲಿಯಿಂದಲೇ ಬಾಗಿಲು ತೆರೆದೆ.

ಟೀವಿ ಹಾಕಿತ್ತು. ಅಮ್ಮ ಅದರ ಮುಂದೆ, ಒಂದು ಮೊಳ ದೂರದಲ್ಲಿ, ನನಗೆ ಬೆನ್ನು ಹಾಕಿ ನಿಂತಿದ್ದಳು. ಬಲಗೈಯಲ್ಲಿ ರಿಮೋಟು, ಎಡಗೈಯಲ್ಲಿ ಆ ಮಗ್ಗು. ಮಗ್ಗನ್ನು ಎತ್ತಿ ಟೀವಿಯ ಮೂಲೆಯ ಪಕ್ಕಕ್ಕೆ ಹಿಡಿಯುತ್ತಾಳೆ. ಮೂಲೆ ನೋಡುತ್ತಾಳೆ, ಮಗ್ಗು ನೋಡುತ್ತಾಳೆ, ತಲೆಯಾಡಿಸಿ ಬಟನ್ ಒತ್ತುತ್ತಾಳೆ. ಮುಂದಿನದು ಬರುತ್ತದೆ, ಮತ್ತೆ ಮಗ್ಗು ಮೇಲೆ. ಜಾಹೀರಾತು ಇದ್ದಲ್ಲಿ ಮೂಲೆ ಖಾಲಿ ಇರುತ್ತದಲ್ಲ, ಅಲ್ಲಿ ತಾಳ್ಮೆಯಿಂದ ಕಾಯುತ್ತಾಳೆ. ಕನ್ನಡಕ ಕುತ್ತಿಗೆಯಲ್ಲಿ ದಾರಕ್ಕೆ ನೇತಾಡುತ್ತಿತ್ತು. ಅದು ಅವಳಿಗೆ ಬೇಕಾಗಿಯೇ ಇರಲಿಲ್ಲ.

ನಾನು ನೋಡುತ್ತಿದ್ದ ಹಾಗೆಯೇ ನಮ್ಮ ಕನ್ನಡ ಚಾನೆಲ್ ಬಂತು. ಅವಳ ಧಾರಾವಾಹಿಯೇ. ಆ ಹೊತ್ತಿಗೆ ಮಾತಿರಲಿಲ್ಲ, ಮುಚ್ಚಿದ ಬಾಗಿಲೊಂದನ್ನು ತೋರಿಸುತ್ತಾ ಪಿಟೀಲು ಬಾರಿಸುತ್ತಿದ್ದರು. ಮೂಲೆಯಲ್ಲಿ ನಾನು ಎರಡು ತಿಂಗಳು ಹೋರಾಡಿ ಕೂರಿಸಿದ ಕನ್ನಡ ಅಕ್ಷರಗಳು. ಅಮ್ಮ ಅವನ್ನು ನೋಡಿದಳು, ಮಗ್ಗನ್ನು ನೋಡಿದಳು, ಇದಲ್ಲ ಎಂದು ತಲೆಯಾಡಿಸಿ ಮುಂದಕ್ಕೆ ಒತ್ತಿದಳು.

ನನ್ನ ಕೈಯ ಕೀಲಿ ಸದ್ದು ಮಾಡಿರಬೇಕು. ಅಮ್ಮ ಬೆಚ್ಚಿ ತಿರುಗಿದಳು. "ಮಗ್ ತೊಳೀಲಿಕ್ಕೆ ಹೊರಟಿದ್ದೆ" ಅಂದಳು.

ನಾನು ರಿಮೋಟು ತೆಗೆದುಕೊಂಡು ಒಂದು ಚಾನೆಲ್ ಹಿಂದೆ ಹೋದೆ. ಮೂಲೆಗೆ ಬೆರಳು ತೋರಿಸಿ, "ಇಲ್ಲಿ ಎಂತ ಬರೆದಿದೆ ಅಮ್ಮ?" ಎಂದು ಕೇಳಿದೆ. ಕೇಳಬಾರದಿತ್ತು. ಗೊತ್ತಾದ ಮೇಲೂ ಕೇಳಿದೆನಲ್ಲ, ಅದು ನನ್ನ ಜಾಯಮಾನ.

ಅಮ್ಮ ಕನ್ನಡಕಕ್ಕೆ ಕೈ ಹಾಕಿದಳು. ಹಾಕಿಕೊಳ್ಳದೆ ಬಿಟ್ಟಳು. ಸೋಫಾದ ಮೇಲೆ ಮೆಲ್ಲಗೆ ಕೂತು, ಮಗ್ಗನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಂಗೆ ಬರುದಿಲ್ಲ ಮಗಾ" ಅಂದಳು.

ಟೀವಿಯಲ್ಲಿ ಬಾಗಿಲು ತೆರೆದು ಯಾರೋ ಅಳಲು ಶುರುಮಾಡಿದ್ದರು. ನಾನು ಆರಿಸಿದೆ.

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಂದಕ್ಕೆ ಒಂದೇ ಸುಳ್ಳು ಸಾಕಾಯ್ತು. ನಿನ್ನ ಅಪ್ಪನ ಕಡೆಯವರು ಕಾಗದ ಬರೀಲಿಕ್ಕೆ ಬರುವ ಹುಡುಗಿ ಬೇಕು ಅಂದಿದ್ರು. ಗಂಡ ಬೊಂಬಾಯಿ, ಹೆಂಡತಿ ಊರು, ಕಾಗದ ಇಲ್ಲದಿದ್ರೆ ಹೇಗೆ? ನಮ್ಮ ದೊಡ್ಡಣ್ಣ ನಾಲ್ಕನೇ ಪಾಸು ಅಂತ ಹೇಳಿಬಿಟ್ಟ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ."

"ಮತ್ತೆ ಕಾಗದ?"

"ಊರಲ್ಲಿ ಕೂತರೆ ತಾನೇ ಕಾಗದ ಬರೆಯುವುದು? ಅದಕ್ಕೇ ಹಿಂದಿಂದಲೇ ಬಂದುಬಿಟ್ಟೆ" ಅಂದಳು. ಸೆರಗು ಬಾಯಿಗೆ ಹೋಯಿತು, ಆದರೆ ಈ ಸಲ ನಗಲಿಲ್ಲ.

ಅರವತ್ತು ವರ್ಷ ಊರಿಡೀ ಪ್ರೇಮ ಎಂದು ಛೇಡಿಸಿದ್ದು ಇದನ್ನು. ಬ್ಯಾಂಕಿನಲ್ಲಿ ಮಾಡುವ ಸಹಿಯನ್ನು ರಂಗೋಲಿ ಕಲಿತ ಹಾಗೆ ಕಲಿತಳಂತೆ, ಎಲ್ಲಿಂದ ಶುರು, ಎಲ್ಲಿ ಸುತ್ತು, ಎಲ್ಲಿ ಬಿಡಬೇಕು ಎಂದು. ಬಸ್ಸನ್ನು ಬಣ್ಣದಿಂದ, ಸ್ಟೇಷನ್ನನ್ನು ಎಣಿಸಿ, ಮಸಾಲೆ ಡಬ್ಬವನ್ನು ಮೂಸಿ ಗುರುತು ಹಿಡಿದಳಂತೆ. ಪೇಪರು ತಲೆಕೆಳಗೆ ಹಿಡಿಯದಂತೆ ಮೊದಲು ಫೋಟೋ ಎಲ್ಲಿದೆ ಎಂದು ನೋಡುವುದಂತೆ.

"ಅಪ್ಪನಿಗೆ ಗೊತ್ತಿತ್ತಾ?"

"ಇಲ್ಲಪ್ಪ. ಅವರಿಗೆ ಹೇಗೆ ಗೊತ್ತಾಗ್ತದೆ? ನಾನು ಕೈಗೆ ತಗೊಳ್ಳುವ ಮೊದಲೇ ಅವರು ಜೋರಾಗಿ ಓದಿ ಮುಗಿಸ್ತಿದ್ರಲ್ಲ" ಅಂದಳು.

ನಾನು ಚಿಕ್ಕವಳಿದ್ದಾಗ ಅಪ್ಪನ ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿಗೂ ಅದೇ ಪೇಪರು ಬರುತ್ತಿತ್ತು. ಅಲ್ಲಿ ಅಪ್ಪ ಅದನ್ನು ತುಟಿ ಕೂಡ ಅಲುಗಿಸದೆ ಮನಸ್ಸಿನಲ್ಲೇ ಓದುತ್ತಿದ್ದರು. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಬಾಯಿ ಮುಚ್ಚಿ ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನನ್ನೊಳಗೆ ಒಂದು ಹಳೆಯ ಮುಳ್ಳು ಇತ್ತಲ್ಲ. "ಹಾಗಾದರೆ ಶುಕ್ರವಾರ ನನ್ನ ಹೆಸರು ಬಂತು, ನೋಡಿದೆ ಅಂತಿದ್ದೆಯಲ್ಲ, ಅದೂ ಸುಳ್ಳೇ?" ಎಂದೆ.

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಅಮ್ಮನಿಗೆ ಈಗ ಸಿಟ್ಟು ಬಂತು.

"ಅದು ಎಂತಕ್ಕೆ ಸುಳ್ಳು? ಕಡೆಯ ಸಾಲು ನಿಂದು ಅಂತ ನೀನೇ ತೋರಿಸಿದ್ದಲ್ವಾ. ಮೂಗುಬೊಟ್ಟು ದೊಡ್ಡದಾಗಿ ಬರುವ ಮೊದಲು ಒಂದು ಸಾಲು ನಿಲ್ತದಲ್ಲ, ಅದು. ಒಂದು ವಾರ ತಪ್ಪಿಸ್ಲಿಲ್ಲ ನಾನು. ಮೊದಲು ಬೇರೆಯವರದ್ದೆಲ್ಲ ಇರ್ತಿತ್ತು. ಆಮೇಲೆ ಅವರದ್ದೆಲ್ಲ ತೆಗೆದು ನಿನ್ನದೊಂದೇ ಇಟ್ರು. ನಾನು ಇಡೀ ಬಿಲ್ಡಿಂಗಿಗೆ ಹೇಳಿಕೊಂಡು ಬಂದಿದ್ದೇನೆ."

ನಾನು ಅವಳ ಮಡಿಲಿನಿಂದ ಮಗ್ಗು ತೆಗೆದು ಅಡಿಗೆಮನೆಗೆ ಹೋದೆ. ನಲ್ಲಿ ತಿರುಗಿಸಿ, ತೊಳೆದೇ ಇದ್ದ ಮಗ್ಗನ್ನು ಇನ್ನೊಮ್ಮೆ ತೊಳೆದೆ. ಕಂಪೆನಿಯ ಹಕ್ಕಿನ ಸಾಲು. ನನ್ನ ಹೆಸರು ಕಿತ್ತು ಹಾಕಿ ಉಳಿಸಿಕೊಂಡ ಸಾಲು. ಅದನ್ನು ನನ್ನಮ್ಮ ಇಷ್ಟು ವರ್ಷ ವಾರ ತಪ್ಪದೆ ಕಾದು ಕೂತು, ಕಣ್ತುಂಬ ನೋಡಿ, ಮಗಳು ದೊಡ್ಡವಳಾದಳು ಎಂದುಕೊಂಡಿದ್ದಳು. ಮೂಲೆಯ ಮೂಗುಬೊಟ್ಟನ್ನು ಕಿತ್ತು ಅವಳಿಗೆ ಆ ದಾರಿಯನ್ನೂ ಮುಚ್ಚಿದವಳು ನಾನು. ಫೋನಿನಲ್ಲಿ ಎದೆ ಬಡಿದುಕೊಳ್ಳುವ ಆ ಬೇವಾರ್ಸಿಗಳನ್ನು ಬೈಯಲು ನನಗೇನು ಯೋಗ್ಯತೆ.

"ಈಗ್ಲೂ ಬರ್ತದಾ ಅದು?" ಎಂದು ಅಮ್ಮ ಸೋಫಾದಿಂದಲೇ ಕೇಳಿದಳು. "ಮೂಗುಬೊಟ್ಟು ಇಲ್ಲದ ಮೇಲೆ ಎಲ್ಲಿ ನೋಡುವುದು ಅಂತ ಗೊತ್ತಾಗುದಿಲ್ಲ ನಂಗೆ."

"ಬರ್ತದೆ. ಶುಕ್ರವಾರ ನಾನೇ ತೋರಿಸ್ತೇನೆ" ಎಂದೆ.

ಶುಕ್ರವಾರ ಬೇಗ ಬಂದೆ. ಇಬ್ಬರೂ ಚಹಾ ಹಿಡಿದು ಕೂತೆವು. ಕಾರ್ಯಕ್ರಮ ಮುಗಿಯುತ್ತಾ ಬಂದಾಗ ನಾನು ಎದ್ದು ಟೀವಿಯ ಹತ್ತಿರ ಹೋಗಿ ನಿಂತೆ. ತೆರೆ ಕಪ್ಪಾಯಿತು, ಕಂಪೆನಿಯ ಸಾಲು ಬಂತು. ಅದರ ಕೆಳಗೆ ಬೆರಳಿಟ್ಟು, "ಇದೇ ಅಮ್ಮ" ಎಂದೆ.

ಅಮ್ಮ ಕುತ್ತಿಗೆಯ ಕನ್ನಡಕ ಎತ್ತಿ ಹಾಕಿಕೊಂಡು, ಮುಂದಕ್ಕೆ ಬಾಗಿ, ಆ ಸಾಲು ಮಾಯವಾಗುವವರೆಗೂ ನೋಡಿದಳು. "ಮೊದಲಿಗಿಂತ ದೊಡ್ಡದು ಮಾಡಿದ್ದಾರೆ ನಿಂದು" ಅಂದಳು.